ಕಾರ್ಡಿಗೇ ಎಲ್ಲಾ ಮರ್ಯಾದೆ

ಅಕ್ಕನ ಮಗ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಬೇಕಂತೆ. ಸಂಜೆ ಸರಸ್ವತಿಪುರಂನಲ್ಲಿ ಕಾಫಿ ಕುಡೀತಾ ಪಟ್ಟಿ ತೋರಿಸಿದ.

ಆಟದ ಚಿತ್ರ ಮೂಡಿಸೋ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು. ರೈಜನ್ 7 9800ಎಕ್ಸ್3ಡಿ ಪ್ರೊಸೆಸರ್. ಬಣ್ಣಬಣ್ಣದ ಲೈಟಿನ ಫ್ಯಾನುಗಳು ಬೇರೆ. ಕಟ್ಟಕಡೆಗೆ, ಏನೋ ಒಂದಿರಲಿ ಅನ್ನೋ ಹಾಗೆ, ಇವಕ್ಕೆಲ್ಲಾ ಕರೆಂಟು ಕೊಡೋ ಪವರ್ ಸಪ್ಲೈ 750 ವಾಟ್.

"ಲೋ, ಆ ಕಾರ್ಡೊಂದೇ 575 ವಾಟ್ ಎಳೆಯುತ್ತೆ ಕಣೋ" ಅಂದೆ.

ಪ್ರೊಸೆಸರ್‌ಗೆ 120 ವಾಟ್ ಅಂತ ಬರೆದಿರುತ್ತಾರೆ. ಆಟದ ಮಧ್ಯೆ ಕಾರ್ಡು ಕಣ್ಣು ಮಿಟುಕಿಸೋಷ್ಟರಲ್ಲಿ ಇನ್ನೂ ಜಾಸ್ತಿ ಎಳೆಯೋದೂ ಉಂಟು. ಈ ಕಾರ್ಡಿನ ಕಂಪನಿ ಎನ್ವಿಡಿಯಾದವರೇ ಸಪ್ಲೈ 1000 ವಾಟ್ ಇರಲಿ ಅಂತಾರೆ. ನಮ್ಮನೆ ಮಿಕ್ಸಿನೇ 750 ವಾಟ್. ಅದಾದರೂ ಚಟ್ನಿ ರುಬ್ಬಿ ಸುಮ್ಮನಾಗುತ್ತೆ, ಇವನು ರಾತ್ರಿಯೆಲ್ಲಾ ಆಡೋನು!

ಆಮೇಲೆ ಸಪ್ಲೈಯಿಂದ ಬರೋ ವೈರನ್ನು ಕಾರ್ಡಿಗೆ ಸೇರಿಸೋ ಆ ಹದಿನಾರು ಪಿನ್ನಿನ ಕನೆಕ್ಟರ್. ಹೆಬ್ಬೆರಳಗಲ ಇದೆ ಅಷ್ಟೇ, ಅಷ್ಟೂ ಕರೆಂಟು ಅದರಲ್ಲೇ ಹೋಗಬೇಕು. ಪೂರ್ತಿ ಒಳಗೆ ಕೂರದಿದ್ದರೆ ಕಾದು ಪ್ಲಾಸ್ಟಿಕ್ ಕರಗುತ್ತೆ. 2022ರಲ್ಲಿ ಇದರ ಹಿಂದಿನ ಕಾರ್ಡು 4090 ಬಂದಾಗ ಕೆಲವರಿಗೆ ಹಾಗೇ ಆಯಿತು. ವೈರನ್ನು ಬುಡದಲ್ಲೇ ಬಗ್ಗಿಸಬಾರದು. ಅದಕ್ಕೇ ಕ್ಯಾಬಿನೆಟ್ ಕೂಡ ಅಗಲ ಇರಬೇಕು, ಬಾಗಿಲು ವೈರನ್ನು ಒತ್ತಬಾರದು ಅಲ್ವಾ?

ಫ್ಯಾನ್ ಎರಡು ಕಡಿಮೆ ಮಾಡು, ಆ ದುಡ್ಡು ಸಪ್ಲೈಗೆ ಹಾಕು ಅಂದೆ.

"ಲೈಟಿಲ್ಲ ಅಂದ್ರೆ ಯಾರು ನೋಡ್ತಾರೆ ಮಾಮ?"

ಯುಪಿಎಸ್ ವಿಷಯ ಇನ್ನೂ ಎತ್ತಿಲ್ಲ. ಮನೆಯಲ್ಲಿ ಟಿವಿ, ಫ್ಯಾನಿಗೆ ಒಂದಿದೆಯಲ್ಲ, ಅದೇ ಸಾಕು ಅಂತಾನೆ. ಗೊತ್ತು ನನಗೆ.