ಆಕಾಶ ತಿಳಿಯಾಯಿತು ಅಂತ ಡೆಕ್ಕಿಗೆ ಜನ ಕಳಿಸಬೇಡಿ

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ತೂಫಾನು ಅಂದ್ರೆ ಮಳೆ. ಮಳೆ ಜೋರಾಯಿತಾ, ಗಾಳಿಯೂ ಜೋರು. ಮಳೆ ಬಿಟ್ಟಿತಾ, ಮುಗಿಯಿತು, ಇನ್ನು ಅಂಗಳದಲ್ಲಿ ಬಿದ್ದ ಮಡಲು ಎತ್ತಿ ಹಾಕಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋದಾಗಲೂ ಮನೆಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮಳೆ ಬಿಟ್ಟಿತು, ಈಗ ಪರವಾಗಿಲ್ಲ." ಊರಿನಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ನಡೆಯುತ್ತದೆ. ಜನವರಿಯ ಉತ್ತರ ಅಟ್ಲಾಂಟಿಕ್‌ನಲ್ಲಿ ನಡೆಯುವುದಿಲ್ಲ. ಕಂಟೇನರ್ ಹಡಗೊಂದರಲ್ಲಿ ಸೆಕೆಂಡ್ ಮೇಟ್ (ಕ್ಯಾಪ್ಟನ್, ಚೀಫ್ ಮೇಟ್ ನಂತರದ ಅಧಿಕಾರಿ) ಆಗಿದ್ದಾಗ ನಾನು ಇದೇ ಲೆಕ್ಕ ಹಿಡಿದು ಬೋಸನ್ (ಡೆಕ್ ಕೆಲಸಗಾರರ ಮುಖ್ಯಸ್ಥ) ಮತ್ತು ಮೂವರನ್ನು ಡೆಕ್ಕಿಗೆ ಕಳಿಸಲು ಹೊರಟಿದ್ದೆ.

ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೊರಟಿದ್ದೆವು. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೋಗುವುದೆಂದರೆ ಬರುವ ಪ್ರತಿಯೊಂದು ಲೋ ಪ್ರೆಶರಿಗೂ (ಬಿರುಗಾಳಿ ಹುಟ್ಟಿಸುವ ಕಡಿಮೆ ಒತ್ತಡದ ಜಾಗಕ್ಕೂ) ಎದುರು ಹೋಗಿ ಮುಖ ಕೊಡುವುದು. ಆಫೀಸಿನಿಂದ ದಿನಾ ಬೆಳಿಗ್ಗೆ ಇಟಿಎ, ಅಂದರೆ ಬಂದರು ಮುಟ್ಟುವ ಸಮಯ, ಕೇಳುವ ಮೇಲ್. ಮಧ್ಯಾಹ್ನದ ನೂನ್ ರಿಪೋರ್ಟ್ ಕಳಿಸಿ ಅರ್ಧ ಗಂಟೆಯೊಳಗೆ "ಸ್ಪೀಡ್ ಯಾಕೆ ಕಡಿಮೆ?" ಅಂತ ಇನ್ನೊಂದು. ದಡದಲ್ಲಿ ಕೂತು ದಾರಿ ಹೇಳುವ ವೆದರ್ ರೂಟಿಂಗ್‌ನವರು ಒಬ್ಬರಿದ್ದರು. ಅವರ ಆ ದಿನದ ಸಲಹೆಯ ಕೊನೆಯ ಸಾಲು: ಕೋಲ್ಡ್ ಫ್ರಂಟ್ (ನುಗ್ಗಿ ಬರುವ ತಣ್ಣನೆ ಗಾಳಿಯ ಮುಂಚೂಣಿ) ದಾಟಿದ ಮೇಲೆ ಹವಾಮಾನ ಸುಧಾರಿಸಲಿದೆ. ಸುಧಾರಿಸಲಿದೆ, ಸರಿ. ಎಷ್ಟು ಗಂಟೆ ಕಳೆದ ಮೇಲೆ ಅನ್ನುವುದು ಅದರಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ಬಾಸ್ಟನ್ನಿನಿಂದ ಬರುವ ಫ್ಯಾಕ್ಸ್ ಚಾರ್ಟ್ (ಹವಾಮಾನದ ನಕ್ಷೆ) ಹಿಂದಿನ ಸಂಜೆಯೇ ಎಲ್ಲ ಹೇಳಿತ್ತು. ನ್ಯೂಫೌಂಡ್‌ಲ್ಯಾಂಡ್‌ನ ಪೂರ್ವಕ್ಕೆ ಒಂದು ಲೋ, 992 ಮಿಲಿಬಾರ್. 24 ಗಂಟೆ ಮುಂದಿನ ಚಾರ್ಟಿನಲ್ಲಿ ಅದೇ ಲೋ 958. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ರ್‍ಯಾಪಿಡ್ಲಿ ಇಂಟೆನ್ಸಿಫೈಯಿಂಗ್', ಅಂದರೆ ಬೇಗ ಬೇಗ ಜೋರಾಗುತ್ತಿದೆ ಅಂತ. 60 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆಗೆ 24 ಮಿಲಿಬಾರ್ ಇಳಿದರೆ ಅದನ್ನು ಬಾಂಬ್ ಅಂತಾರೆ. ದಕ್ಷಿಣಕ್ಕೆ ಬಂದಷ್ಟೂ ಇದಕ್ಕಿಂತ ಕಡಿಮೆ ಇಳಿದರೂ ಸಾಕು. ಸ್ಯಾಂಡರ್ಸ್ ಮತ್ತು ಗ್ಯಾಕಮ್ ಅನ್ನುವ ಇಬ್ಬರು ಹವಾಮಾನ ತಜ್ಞರು 1980ರಲ್ಲಿ ಹಾಕಿಕೊಟ್ಟ ಅಳತೆ ಇದು. ನಮ್ಮದು 34 ಇಳಿಯುವುದಿತ್ತು.

ಆ ಜಾಗದಲ್ಲಿ ಇದು ಹೊಸದೇನಲ್ಲ. ಒಂದು ಕಡೆ ಗಲ್ಫ್ ಸ್ಟ್ರೀಮ್‌ನ ಬಿಸಿನೀರು, ಅದರ ಮೇಲೆ ಬೆಚ್ಚಗಿನ ತೇವದ ಗಾಳಿ. ಇನ್ನೊಂದು ಕಡೆ ಕೆನಡಾದ ಹಿಮದ ಮೇಲೆ ವಾರಗಟ್ಟಲೆ ಕೂತು ಮರಗಟ್ಟಿದ ಒಣ ಗಾಳಿ, ಲಾಬ್ರಡಾರ್ ದಾಟಿ ಸಮುದ್ರಕ್ಕೆ ಇಳಿಯುತ್ತದೆ. ಎರಡೂ ಎದುರಾದ ಕಡೆ ಗಡಿ ಬೀಳುತ್ತದೆ. ಆ ಗಡಿಯಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಮೇಲೆ ಜೆಟ್ ಸ್ಟ್ರೀಮ್ (ಬಹಳ ಎತ್ತರದಲ್ಲಿ ಹರಿಯುವ ವೇಗದ ಗಾಳಿ) ಗಾಳಿಯನ್ನು ಹೊರಗೆ ಎಳೆದರೆ ಕೆಳಗೆ ಒತ್ತಡ ಕುಸಿಯುತ್ತದೆ. ಬೆಚ್ಚಗಿನದು ಉತ್ತರಕ್ಕೆ ಏರುತ್ತದೆ, ತಣ್ಣಗಿನದು ಹಿಂದಿನಿಂದ ದಕ್ಷಿಣಕ್ಕೆ ನುಗ್ಗುತ್ತದೆ. 1919ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಹವಾಮಾನ ತಜ್ಞ ಯಾಕೊಬ್ ಬ್ಯಾರ್ಕ್ನೆಸ್ ಬರೆದ ಚಿತ್ರವೇ ಇವತ್ತಿಗೂ ನಮ್ಮ ಪರೀಕ್ಷೆಯಲ್ಲಿ ಬರುವುದು: ಅರ್ಧಚಂದ್ರ ಇದ್ದರೆ ವಾರ್ಮ್ ಫ್ರಂಟ್, ತ್ರಿಕೋನ ಇದ್ದರೆ ಕೋಲ್ಡ್ ಫ್ರಂಟ್. ನಮ್ಮ ಕಡೆಯ ಸೈಕ್ಲೋನು ಬೇರೆಯೇ ಜಾತಿ. ಅದು ಬಿಸಿ ಸಮುದ್ರದ ಆವಿಯಿಂದ ಬದುಕುತ್ತದೆ, ಸುತ್ತ ಎಲ್ಲ ಕಡೆ ಒಂದೇ ತರಹದ ಗಾಳಿ, ಜೋರೆಲ್ಲ ನಡುವಿನ ಕಣ್ಣಿನ ಸುತ್ತ. ಇದು ಬದುಕುವುದು ಎರಡು ಗಾಳಿಗಳ ನಡುವಿನ ವ್ಯತ್ಯಾಸದಿಂದ. ಇದೆಲ್ಲ ನನಗೆ ಬಾಯಿಪಾಠ. ಸೆಕೆಂಡ್ ಮೇಟ್ ಪರೀಕ್ಷೆಯಲ್ಲಿ ಮೆಟೀರಿಯಾಲಜಿಗೆ ಒಳ್ಳೆಯ ಮಾರ್ಕ್ಸೇ ಬಂದಿತ್ತು.

ರಾತ್ರಿ 12ಕ್ಕೆ ವಾಚ್ (ಬ್ರಿಡ್ಜಿನ ಪಾಳಿ) ತಗೊಂಡೆ. ಗಾಳಿ ನೈಋತ್ಯದಿಂದ 45 ನಾಟ್ (ಗಂಟೆಗೆ ಸುಮಾರು 83 ಕಿ.ಮೀ.). ಹೆಡಿಂಗ್ (ಹಡಗು ಮುಖ ಮಾಡಿದ ದಿಕ್ಕು) 230 ಡಿಗ್ರಿ, ಅಂದರೆ ನೈಋತ್ಯ; ಮೂಗು ಅಲೆಗೆ ಕೊಟ್ಟು ನಾಲ್ಕೈದು ನಾಟ್‌ನಲ್ಲಿ ಹೀವ್ ಟು, ಅಂದರೆ ದಾರಿ ಸಾಗಿಸದೆ ಅಲೆಗೆ ಎದುರು ಹಿಡಿದು ನಿಲ್ಲುವುದು. ಹೊರಗೆ 13 ಡಿಗ್ರಿ, ಆ ಸಮುದ್ರಕ್ಕೆ ಸೆಕೆ ಅಂತಲೇ ಹೇಳಬೇಕು. ಮಳೆ ಎಷ್ಟಿತ್ತೆಂದರೆ ವೈಪರ್ ಇದ್ದೂ ಇಲ್ಲದ ಹಾಗೆ. ಒಂದು ಗಂಟೆ ಹೊತ್ತಿಗೆ ಪೋರ್ಟ್ ಸೈಡಿನ (ಎಡಬದಿಯ) ಹಿಂದಿನ ಬೇಯಲ್ಲಿ, ಅಂದರೆ ಕಂಟೇನರ್ ಸಾಲಿನಲ್ಲಿ, ಅವನ್ನು ಬಿಗಿದು ಕಟ್ಟುವ ಲ್ಯಾಶಿಂಗ್ ರಾಡ್ ಒಂದು ಸಡಿಲಾಗಿ ಕಬ್ಬಿಣಕ್ಕೆ ಬಡಿಯಲು ಶುರುವಾಯಿತು. ಹಡಗು ಪಕ್ಕಕ್ಕೆ ವಾಲುವ ಪ್ರತಿ ರೋಲಿಗೂ ಠಣ್. ಸ್ವಲ್ಪ ಬಿಟ್ಟು ಮತ್ತೆ ಠಣ್. ಒಂದು ರಾಡ್ ಹೋದರೆ ಪಕ್ಕದ್ದಕ್ಕೆ ಭಾರ ಜಾಸ್ತಿ, ಅದು ಹೋದರೆ ಇಡೀ ಸ್ಟ್ಯಾಕ್. 2020ರ ನವೆಂಬರ್ ಕೊನೆಯಲ್ಲಿ ಒನ್ ಅಪಸ್ ಅನ್ನುವ ಹಡಗು ಪೆಸಿಫಿಕ್‌ನಲ್ಲಿ ಒಂದೇ ಏಟಿಗೆ 1,800ಕ್ಕೂ ಹೆಚ್ಚು ಕಂಟೇನರ್ ಕಳೆದುಕೊಂಡಿತ್ತು. ಆ ಫೋಟೋ ನೋಡದ ಕಂಟೇನರ್ ಹಡಗಿನವರು ಯಾರೂ ಇಲ್ಲ. ಶಬ್ದ ಕೇಳಿಸಿಕೊಂಡು ಚೀಫ್ ಮೇಟ್‌ಗೂ ಕ್ಯಾಬಿನ್‌ನಲ್ಲಿ ನಿದ್ದೆ ಇರಲಿಲ್ಲ.

ಎರಡೂವರೆ ದಾಟಿದ ಮೇಲೆ ರೇಡಾರಿನಲ್ಲಿ ಪಶ್ಚಿಮದಿಂದ ಒಂದು ದಪ್ಪ ಗೆರೆ ಬಂತು. ಹತ್ತು ನಿಮಿಷ ಫೋರ್‌ಕ್ಯಾಸಲ್ ಕಾಣದಷ್ಟು ಮಳೆ. ಗಾಳಿ ಮೀಟರಿನ ಮುಳ್ಳು 240, 270, 300 ಅಂತ ಬಲಕ್ಕೆ ಜಾರಿತು. ಆಮೇಲೆ ಯಾರೋ ನಲ್ಲಿ ತಿರುಗಿಸಿದ ಹಾಗೆ ಮಳೆ ನಿಂತಿತು. ಬ್ರಿಡ್ಜ್ ವಿಂಗಿನ ಬಾಗಿಲು ತೆರೆದರೆ ಮೂಗಿಗೆ ಚುರ್ ಅನ್ನುವ ತಂಪು, 6 ಡಿಗ್ರಿ. ತಲೆಯ ಮೇಲೆ ನಕ್ಷತ್ರ. ಗಾಳಿ 25ಕ್ಕೆ ಇಳಿದಿತ್ತು. ಬರೋಮೀಟರ್ 971ರಲ್ಲಿ ನಿಂತು, ಅರ್ಧ ಗಂಟೆಯಲ್ಲಿ 974ಕ್ಕೆ ಏರಿತು.

ಲಾಗ್ ಬುಕ್ಕಿನಲ್ಲಿ 'ಕೋಲ್ಡ್ ಫ್ರಂಟ್ ದಾಟಿದೆ' ಅಂತ ಬರೆದೆ. ಅಕ್ಷರ ಕೂಡ ಬಹಳ ಚೆನ್ನಾಗಿ ಬಂದಿತ್ತು.

ಚೀಫ್ ಮೇಟ್ ಫೋನ್ ಮಾಡಿದರು. "ಹೇಗಿದೆ ಮೇಲೆ? ಲ್ಯಾಶಿಂಗ್ ಬಿಗಿ ಮಾಡಿಸ್ಲಾ?"

"ಮಾಡಿಸಿ ಸರ್. ಫ್ರಂಟ್ ಹೋಯ್ತು, ಆಕಾಶ ಕ್ಲಿಯರ್, ಬರೋಮೀಟರ್ ಏರ್ತಾ ಇದೆ."

ಈ ಮೂರೂ ನಿಜ. ಸುಳ್ಳು ಒಂದೂ ಇಲ್ಲ. ಮೂರನ್ನೂ ಕೂಡಿಸಿ ನಾನು ತೆಗೆದ ಅರ್ಥ ಮಾತ್ರ ಪೂರ್ತಿ ತಪ್ಪು.

ಕಾಲು ಗಂಟೆಯಲ್ಲಿ ಬೋಸನ್ ಮೇಲೆ ಬಂದ. ಕುಂದಾಪುರ ಕಡೆಯವನು, ಹಡಗಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಬಾಯ್ಲರ್ ಸೂಟ್, ಹಾರ್ನೆಸ್, ಕೊರಳಲ್ಲಿ ಟಾರ್ಚು. ಕೆಳಗೆ ಇನ್ನೂ ಮೂವರು ರೆಡಿ. ಕಿಟಕಿಯಿಂದ ಹೊರಗೆ ನೋಡಿದ. ಆಕಾಶ ನೋಡಲಿಲ್ಲ, ನೀರು ನೋಡಿದ. "ಹೋಗುದಾ ಬೇಡ್ವಾ ಮಾರಾಯ್ರೆ?" ಅಂದ. "ಹೋಗಿ, ಇನ್ನು ಕಡಿಮೆ ಆಗ್ತದೆ" ಅಂದೆ. ಅವನು ಹೂಂ ಅನ್ನಲಿಲ್ಲ. ಸುಮ್ನೆ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡ. ಅವನು ಹೂಂ ಅನ್ನದೇ ಇದ್ದದ್ದನ್ನು ನಾನು ಗಮನಿಸಬೇಕಿತ್ತು.

ಅಷ್ಟರಲ್ಲಿ ಓಲ್ಡ್ ಮ್ಯಾನ್, ಅಂದರೆ ನಮ್ಮ ಕ್ಯಾಪ್ಟನ್, ಚಪ್ಪಲಿ ಎಳೆದುಕೊಂಡು ಬಂದರು. ಯಾರೂ ಕರೆದಿರಲಿಲ್ಲ. ರೋಲ್ ಬದಲಾದದ್ದಕ್ಕೆ ಎಚ್ಚರ ಆಯಿತಂತೆ. ಗೋವಾದವರು, ಮಾತು ಕಮ್ಮಿ.

"ಬರೋಮೀಟರ್ ಎಷ್ಟು ಏರಿದೆ?"

"ಮೂರು, ಸರ್."

"ಎಷ್ಟು ಹೊತ್ತಿನಲ್ಲಿ?"

"ಅರ್ಧ ಗಂಟೆ."

ಬೋಸನ್‌ಗೆ ಕೈಸನ್ನೆಯಲ್ಲೇ ನಿಲ್ಲು ಅಂದರು. ಫ್ಯಾಕ್ಸ್ ಕೊಡು ಅಂದರು. ಕೊಟ್ಟೆ. ಕೋಲ್ಡ್ ಫ್ರಂಟಿನ ಗೆರೆಯನ್ನು ನಾನು ಹೈಲೈಟರ್‌ನಲ್ಲಿ ನೀಟಾಗಿ ತಿದ್ದಿ ಇಟ್ಟಿದ್ದೆ. ಅವರು ಆ ಗೆರೆಯ ಕಡೆ ನೋಡಲೇ ಇಲ್ಲ. ಅದರ ಹಿಂದೆ, ಎಡಗಡೆಗೆ ಬೆರಳಿಟ್ಟರು. ಅಲ್ಲಿ ಐಸೋಬಾರ್‌ಗಳು (ಸಮಾನ ಒತ್ತಡದ ಗೆರೆಗಳು) ಒಂದರ ಮೇಲೊಂದು ಅಂಟಿಕೊಂಡಿದ್ದವು. ಬೆರಳು ತೂರಿಸುವಷ್ಟೂ ಜಾಗ ಇರಲಿಲ್ಲ. "ಇದು ಯಾವಾಗ ಬರುತ್ತೆ?" ಅಂತ ಕೇಳಿದರು. ನಾನು ನಕ್ಷೆಯ ಮೇಲೆ ದೂರ ಅಳೆಯುವ ಡಿವೈಡರ್ ಹಿಡಿದು ಅಳೆದೆ. ಕೈ ಸ್ವಲ್ಪ ನಡುಗುತ್ತಿತ್ತು. ಅಳೆದು ಮುಗಿಯುವ ಮೊದಲೇ ಅವರು ಫೋನ್ ಎತ್ತಿ ಡೆಕ್ಕಿನ ಬಾಗಿಲು ಯಾರೂ ತೆರೆಯಬಾರದು ಅಂತ ಹೇಳಿಯಾಗಿತ್ತು.

ಬೈಯಲಿಲ್ಲ. ಹೇಳಿದ್ದು ಇಷ್ಟೇ: ಗಾಳಿ ಹುಟ್ಟುವುದು ಒತ್ತಡ ಎಷ್ಟು ಕೆಳಗಿದೆ ಅನ್ನುವುದರಿಂದ ಅಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದರಿಂದ. ಬರೋಮೀಟರ್ ಇಷ್ಟು ಬೇಗ ಏರುತ್ತಿದೆ ಅಂದರೆ ಇಳಿಜಾರು ಅಷ್ಟು ಕಡಿದಾಗಿದೆ ಅಂತ ಅರ್ಥ. ಹಳೆಯ ನಾವಿಕರು ಇದನ್ನೇ ಹೇಳುತ್ತಿದ್ದದ್ದು: ಇಳಿದ ಮೇಲಿನ ಮೊದಲ ಏರಿಕೆ ಇನ್ನೂ ಜೋರಾದ ಗಾಳಿಯ ಮುನ್ಸೂಚನೆ. ಏರಿಕೆ ಕಂಡು ನಾನು ಖುಷಿಪಟ್ಟಿದ್ದೆ.

ಮೂರೂಮುಕ್ಕಾಲಿಗೆ ವಾಯವ್ಯದಿಂದ ಬಂತು. 40, 48, 55, ಆಮೇಲೆ 62. ಆಕಾಶದಲ್ಲಿ ಒಂದು ಮೋಡ ಇಲ್ಲ, ನಕ್ಷತ್ರ ಹಾಗೇ ಇವೆ, ಕೆಳಗೆ ಸಮುದ್ರ ಬೆಳ್ಳಗೆ. ನಮ್ಮ ಹೆಡಿಂಗ್ ಇನ್ನೂ 230ರಲ್ಲೇ ಇತ್ತು, ಅಂದರೆ ಹೊಸ ಗಾಳಿ ನೇರ ಸ್ಟಾರ್‌ಬೋರ್ಡ್ (ಬಲ) ಪಕ್ಕೆಗೆ. ಅದಕ್ಕೆ ಮುಖ ಕೊಡೋಣ ಅಂತ ಪೂರ್ತಿ ತಿರುಗಿಸಿದರೆ, ರಾತ್ರಿಯಿಡೀ ಬೆಳೆದ ನೈಋತ್ಯದ ಅಲೆ ಪೋರ್ಟ್ ಪಕ್ಕೆಗೆ. ಓಲ್ಡ್ ಮ್ಯಾನ್ ನಡುವೆ ಎಲ್ಲೋ ಒಂದು ಹೆಡಿಂಗ್ ಹುಡುಕಿದರು. ದೊಡ್ಡ ಅಲೆಗಳ ಒಂದು ಗುಂಪು ಹೋಗಲಿ ಅಂತ ಕಾದು, ಇಂಜಿನ್‌ಗೆ ಸ್ವಲ್ಪ ಜಾಸ್ತಿ ಕೊಟ್ಟು, 280ಕ್ಕೆ ಬಲಕ್ಕೆ ಎಳೆಸಿದರು. ತಿರುಗುವ ನಡುವೆ ಎರಡು ಕಡೆಯ ಅಲೆ ಒಂದೇ ಕಡೆ ಕೂಡಿತು. ರೋಲ್ 24 ಡಿಗ್ರಿ. ಚಾರ್ಟ್ ರೂಮಿನ ಡ್ರಾಯರ್ ಎಲ್ಲ ನೆಲಕ್ಕೆ. ಪೋರ್ಟ್ ಸೈಡಿನ ಹಿಂದಿನ ಬೇಯ ಮೇಲೆ ಹಸಿರು ನೀರು ಹತ್ತಿ ಆ ಕಡೆಯ ಡೆಕ್ ಲೈಟ್ ಆರಿಹೋಯಿತು. ಠಣ್ ಅನ್ನುವ ಸದ್ದು ಆಗ ನಿಂತಿತು.

ಬೆಳಕಾದ ಮೇಲೆ ನೋಡಿದೆವು. ರಾಡ್ ಇರಲೇ ಇಲ್ಲ. ಸ್ಟ್ಯಾಕ್ ವಾಲಿತ್ತು, ಪುಣ್ಯಕ್ಕೆ ಬಿದ್ದಿರಲಿಲ್ಲ. ಲ್ಯಾಶಿಂಗ್ ಮಾಡಲು ನಿಲ್ಲುವ ಕ್ಯಾಟ್‌ವಾಕ್ ತಿರುಚಿ ಮೇಲಕ್ಕೆ ಎದ್ದಿತ್ತು, ರೇಲಿಂಗ್ ಹೊರಗೆ ಬಾಗಿತ್ತು. ಬೋಸನ್ ಅದನ್ನು ನೋಡಿ ನನ್ನ ಕಡೆ ತಿರುಗಿ, "ನಿಮ್ಮ ನಕ್ಷತ್ರ ಬಿಡಿ ಸಾಬ್ರೇ, ನಮ್ಮ ನಕ್ಷತ್ರ ಚಲೋ ಇತ್ತು" ಅಂದ. ಉಳಿದ ಮೂವರಿಗೆ ಅರ್ಥ ಆಗಲಿಲ್ಲ. ನನಗೆ ಆಯಿತು.

ಆಮೇಲೆ ಬಿಡುವಾದಾಗ ಓದಿದೆ. ಆ ತಿಳಿ ಆಕಾಶಕ್ಕೂ ಒಂದು ಕಾರಣ ಇದೆ. ಉಪಗ್ರಹದ ಚಿತ್ರದಲ್ಲಿ ಬಲಿತ ಲೋ ಒಂದು ದೊಡ್ಡ ಕಾಮಾ ಆಕಾರದಲ್ಲಿ ಕಾಣುತ್ತದೆ. ಅದರ ಹೊಟ್ಟೆಯೊಳಗೆ ಮೋಡವಿಲ್ಲದ ಕಪ್ಪು ಜಾಗವೇ ಡ್ರೈ ಸ್ಲಾಟ್. ಮೇಲಿನ ಒಣ ಗಾಳಿ ಅಲ್ಲಿ ಕೆಳಗೆ ಇಳಿಯುತ್ತಿರುತ್ತದೆ. ನಾವು ಅದರೊಳಗೆ ಇದ್ದೆವು. ಅತಿ ಜೋರಾದ ಗಾಳಿ ಎಷ್ಟೋ ಸಲ ಅದರ ಹಿಂದೆ, ಲೋದ ನೈಋತ್ಯ ಬದಿಯಲ್ಲಿ, ಹಿಂದಕ್ಕೆ ಬಾಗಿದ ಫ್ರಂಟಿನ ತುದಿಯಲ್ಲಿ ಇರುತ್ತದೆ. 1987ರ ಅಕ್ಟೋಬರಿನಲ್ಲಿ ದಕ್ಷಿಣ ಇಂಗ್ಲೆಂಡಿನ ಮರಗಳನ್ನೆಲ್ಲ ಕೆಡವಿದ ಬಿರುಗಾಳಿಯನ್ನು ಮತ್ತೆ ಅಭ್ಯಾಸ ಮಾಡಿದ ಮೇಲೆ ಹವಾಮಾನ ವಿಜ್ಞಾನಿ ಕೀತ್ ಬ್ರೌನಿಂಗ್ ಆ ತುದಿಯಿಂದ ಇಳಿಯುವ ಗಾಳಿಗೆ ಸ್ಟಿಂಗ್ ಜೆಟ್ ಅಂತ ಹೆಸರಿಟ್ಟರು. 1979ರ ಆಗಸ್ಟಿನ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನಲ್ಲಿ 15 ಜನ ಸ್ಪರ್ಧಿಗಳು ಸತ್ತರಲ್ಲ, ಅಲ್ಲೂ ಗಾಳಿ ದಿಕ್ಕು ಬದಲಿಸಿ ಎರಡು ಕಡೆಯ ಅಲೆ ಅಡ್ಡಡ್ಡ ಸಿಕ್ಕಿದ್ದೇ ದೊಡ್ಡ ಕಷ್ಟ.

ಅಂದರೆ ಪರೀಕ್ಷೆಗೆ ಓದಿದ ಚಿತ್ರ ತಪ್ಪಲ್ಲ. ಆದರೆ ಅದನ್ನು ಓದುವಾಗ ನಮ್ಮ ಕಣ್ಣು ಗೆರೆಯ ಮೇಲೇ ಇರುತ್ತದೆ. ಗೆರೆ ದಾಟಿದರೆ ಪಾಠ ಮುಗಿಯಿತು ಅಂದುಕೊಳ್ಳುತ್ತೇವೆ. ಹಡಗಿಗೆ ಬೇಕಾದ್ದು ಗೆರೆಯ ಹಿಂದಿನ ಐಸೋಬಾರ್ ಎಷ್ಟು ಒತ್ತೊತ್ತಾಗಿವೆ ಅನ್ನುವುದು. ನಮ್ಮ ಹಡಗಿನ ಸಾಫ್ಟ್‌ವೇರ್‌ನಲ್ಲಿ ಅದೂ ಕಾಣುತ್ತಿರಲಿಲ್ಲ. ಬಣ್ಣ ಬಣ್ಣದ ಪರದೆ, ಆರಾರು ಗಂಟೆಗೊಂದು ಚಿತ್ರ, ಗಾಳಿಯ ಸರಾಸರಿ. ನಮಗೆ ಹೊಡೆತ ಬಿದ್ದದ್ದು ಎರಡು ಚಿತ್ರಗಳ ನಡುವೆ. ಪ್ರಿಂಟರ್ ಪೇಪರ್ ಉಳಿಸಿ ಅಂತ ಆಫೀಸಿನಿಂದ ಸರ್ಕ್ಯುಲರ್ ಬಂದ ಮೇಲೆ 500 ಮಿಲಿಬಾರ್ ಚಾರ್ಟನ್ನಂತೂ (ಮೇಲಿನ ಗಾಳಿಯ ನಕ್ಷೆಯನ್ನಂತೂ) ಯಾರೂ ತೆಗೆಯುವುದೇ ಇಲ್ಲ. ನಾನು ತೆಗೆಯುತ್ತೇನೆ. ಪೇಪರ್ ಲೆಕ್ಕ ಅವರು ಇಟ್ಟುಕೊಳ್ಳಲಿ.

ರೂಟಿಂಗ್‌ನವರಿಗೆ ಬರೆದೆವು. 'ಸಲಹೆಯಂತೆ ಹವಾಮಾನ ಸಂಜೆಯ ವೇಳೆಗೆ ಸುಧಾರಿಸಿದೆ' ಅಂತ ಉತ್ತರ ಬಂತು. ಅದೂ ನಿಜವೇ. ಹಡಗು ಬಾಡಿಗೆಗೆ ಪಡೆದ ಚಾರ್ಟರರ್ ಕಡೆಯವರು ಕಳೆದ ಗಂಟೆಗಳಿಗೆ ಹಣ ಕಡಿಯಲು ನೋಡಿದರು, ಅವರ ಲೆಕ್ಕದಲ್ಲಿ ಆ ರಾತ್ರಿ ಬೋಫರ್ಟ್ (ಗಾಳಿಯ ಬಲದ ಅಳತೆ) 8, ಅಂದರೆ 34ರಿಂದ 40 ನಾಟ್ ಮಾತ್ರ. ಬಾಗಿದ ರೇಲಿಂಗಿನ ಫೋಟೋ ಕಳಿಸಿದ ಮೇಲೆ ಆ ಮೇಲ್‌ಗಳು ನಿಂತವು.

ಮಾರನೇ ರಾತ್ರಿ ಓಲ್ಡ್ ಮ್ಯಾನ್‌ನ ನೈಟ್ ಆರ್ಡರ್ ಬುಕ್ಕಿಗೆ (ರಾತ್ರಿ ಪಾಳಿಯವರಿಗೆ ಬರೆದಿಡುವ ಆದೇಶಗಳ ಪುಸ್ತಕಕ್ಕೆ) ಸೈನ್ ಹಾಕಲು ಹೋದೆ. ಯಾವಾಗಿನ ಸಾಲುಗಳ ಕೆಳಗೆ ಹೊಸದೊಂದು ಸೇರಿತ್ತು: ಕೋಲ್ಡ್ ಫ್ರಂಟ್ ದಾಟಿ ಆರು ಗಂಟೆ ಆಗುವವರೆಗೆ ಡೆಕ್ಕಿನ ಬಾಗಿಲು ತೆರೆಯಬಾರದು, ಸೆಕೆಂಡ್ ಮೇಟ್‌ಗೆ ಏನೇ ಅನಿಸಿದರೂ ಸರಿ.