ಬೆಳಗಿನ ಕೆರೆ, ಮಧ್ಯಾಹ್ನದ ಕೆರೆ

2021ರಲ್ಲಿ ಬಿ.ಎಸ್ಸಿ.ಗೆ ಸೇರಿದ ನಮ್ಮ ತಂಡದವರು ಮೂರು ವರ್ಷಕ್ಕೇ ಪದವಿ ಪಡೆದು ಹೊರಡಬಹುದಿತ್ತು, ಇಲ್ಲವೇ ನಾಲ್ಕನೆಯ ವರ್ಷವೂ ಉಳಿದು ಆನರ್ಸ್ ಮಾಡಬಹುದಿತ್ತು. ಹೆಚ್ಚಿನವರು ಹೊರಟರು. ನಾನು ಉಳಿದದ್ದು ರಸಾಯನವಿಜ್ಞಾನ ವಿಭಾಗದ ನಮ್ಮ ಮೇಡಂ ಅವರ ಮಾರ್ಗದರ್ಶನದಲ್ಲಿ ಕೆಲಸ ಮಾಡಬೇಕೆಂಬ ಆಸೆಯಿಂದ. ಈ ವರ್ಷ ಅವರು ನಿವೃತ್ತರಾಗುತ್ತಿದ್ದಾರೆ. ಅವರಿಂದ ಕಲಿತದ್ದನ್ನು ಇಲ್ಲಿ ಬರೆದಿಡದೆ ಇರಲಾರೆ.

ನನ್ನ ಪ್ರಬಂಧದ ವಿಷಯ, ಕಾಲೇಜಿಗೆ ಹತ್ತಿರದ ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನನ್ನ ಮನಸ್ಸಿನಲ್ಲಿತ್ತು. ವಿಧಾನವೇನೋ ಹಳೆಯದು, ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟದ್ದು. 300 ಮಿ.ಲೀ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಬೇಕು. ದಡದಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಿ, ಮುಚ್ಚಿ, ತಲೆಕೆಳಗು ಮಾಡಬೇಕು. ಆಮ್ಲಜನಕವಿದ್ದರೆ ಕಂದು ಒತ್ತರ, ಅಂದರೆ ನೀರಿನಲ್ಲಿ ಕರಗದೆ ಉಳಿಯುವ ಗಷ್ಟು, ಮೋಡದಂತೆ ಇಳಿಯುತ್ತದೆ. ಇಲ್ಲದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಗಂಧಕಾಮ್ಲ ಬಿದ್ದೊಡನೆ ಒತ್ತರ ಕರಗಿ ಅಯೋಡಿನ್ನಿನ ಹಳದಿ ಬರುತ್ತದೆ. ಪಿಷ್ಟದ ದ್ರಾವಣ ಹಾಕಿದರೆ ಅದು ನೀಲಿಯಾಗುತ್ತದೆ. ಆ ನೀಲಿ ಮಾಯವಾಗುವವರೆಗೆ ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಬಿಡುತ್ತಾ ಹೋಗಬೇಕು. ಅದು ಎಷ್ಟು ಖರ್ಚಾಯಿತು ಎನ್ನುವುದರಿಂದಲೇ ಆಮ್ಲಜನಕದ ಲೆಕ್ಕ ಸಿಗುತ್ತದೆ. ಕೊನೆಯ ಹನಿಗೆ ನೀಲಿ ಅಳಿಸಿಹೋಗುವ ಕ್ಷಣಕ್ಕಾಗಿ ನಾನು ಪ್ರತಿ ಸಲವೂ ಉಸಿರು ಬಿಗಿಹಿಡಿಯುತ್ತಿದ್ದೆ.

“ಮೊದಲು ನಿನ್ನ ಥಯೋಸಲ್ಫೇಟ್ ಸರಿಯಿದೆಯೇ ನೋಡಿಕೊಳ್ಳಮ್ಮ, ಆಮೇಲೆ ಕೆರೆಯ ಮೇಲೆ ದೂರು ಹೇಳು” ಎನ್ನುತ್ತಿದ್ದರು ಮೇಡಂ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ 8.3 ಮಿ.ಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡರೆ, ಇಲ್ಲಿ ಸುಮಾರು 7.4 ಮಾತ್ರ. ಪುಸ್ತಕದ ಕೋಷ್ಟಕವನ್ನು ನಮ್ಮ ಊರಿಗೆ ಹೊಂದಿಸಿಕೊಂಡೇ ಓದಬೇಕೆಂದು ತೋರಿಸಿಕೊಟ್ಟವರು ಅವರೇ.

ಮಧ್ಯಾಹ್ನ ತಂದ ನೀರಿನಲ್ಲಿ ಈ ಮಿತಿಗಿಂತಲೂ ಹೆಚ್ಚು ಆಮ್ಲಜನಕ ಕಂಡಾಗ, ಕೆರೆ ಆರೋಗ್ಯವಾಗಿದೆ ಎಂದು ನಾನು ಹಿಗ್ಗಿದೆ. ಮೇಡಂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಸೂರ್ಯ ಹುಟ್ಟುವ ಮುಂಚೆ ಇದೇ ಜಾಗದ ನೀರು ಹೇಗಿರುತ್ತದೆ?” ಎಂದು ಕೇಳಿ ಸುಮ್ಮನಾದರು. ಮಾರನೆಯ ದಿನ ಕತ್ತಲಲ್ಲಿ ನಾನು ದಡ ತಲುಪುವಷ್ಟರಲ್ಲಿ ಸ್ವೆಟರ್ ತೊಟ್ಟು, ಟಾರ್ಚ್ ಹಿಡಿದು ಅಲ್ಲಿ ನಿಂತಿದ್ದರು. ಆ ಬಾಟಲಿಯ ಒತ್ತರದಲ್ಲಿ ಕಂದು ಬಣ್ಣ ಇದ್ದೂ ಇಲ್ಲದಂತಿತ್ತು. ಹಗಲಿನಲ್ಲಿ ಆಮ್ಲಜನಕ ಉಕ್ಕಿಸುವ ಪಾಚಿಯೇ ರಾತ್ರಿ ಅದನ್ನು ಬಳಸಿ ಮುಗಿಸುತ್ತದೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳ ಪಾಲು ಬೇರೆ. ಬೆಳಗಿನ ಜಾವಕ್ಕೆ ಮೀನುಗಳಿಗೆ ಉಳಿಯುವುದು ಎಷ್ಟು ಎನ್ನುವುದೇ ನಿಜವಾದ ಪ್ರಶ್ನೆ. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ಅಂಕಣ ಹೊತ್ತಿನದು, ಎರಡನೆಯದು ನೀರಿನ ಉಷ್ಣಾಂಶದ್ದು. ಹೊತ್ತು ಬರೆಯದ ಅಂಕಿಗೆ ಮೇಡಂ ಸಹಿ ಹಾಕುತ್ತಿರಲಿಲ್ಲ.

ಪ್ರಬಂಧ ಬರೆಯುವ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಲ್ಲರಂತೆ ನಾನೂ ನಿದ್ದೆಗೆಟ್ಟೆ.

2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದರ ಸರಿತಪ್ಪು ತಿಳಿದವರು ಹೇಳಲಿ. ವಿಭಾಗದವರಲ್ಲಿ ನನ್ನದೊಂದು ಕೋರಿಕೆ: ಅಂತಿಮ ವರ್ಷದ ಚಿಕ್ಕ ಪ್ರಾಜೆಕ್ಟ್ ಆದರೂ ಸರಿ, ಮಕ್ಕಳನ್ನು ಒಮ್ಮೆ ಬೆಳಕು ಹರಿಯುವ ಮೊದಲೇ ಆ ಕೆರೆಗೆ ಕರೆದೊಯ್ಯಿರಿ. ಬಾಟಲಿಗಳು ಇನ್ನೂ ಪ್ರಯೋಗಾಲಯದಲ್ಲಿವೆ. ನನ್ನ ನೋಟ್‌ಬುಕ್ಕನ್ನೂ ಅಲ್ಲಿಯೇ ಬಿಟ್ಟಿದ್ದೇನೆ, ಹೋಲಿಸಿ ನೋಡಲು ಅಂಕಿಗಳು ಬೇಕಾಗುತ್ತವೆ.