ಉಪ್ಪಿಗೆ ಸಾಯುವ ಹುಳು ಉಪ್ಪುನೀರಿನಲ್ಲಿ ಹೇಗೆ ಬದುಕುತ್ತದೆ?

ಶಿವಮೊಗ್ಗದ ನಮ್ಮ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ತೀರ್ಥಹಳ್ಳಿಯ ಅತ್ತೆ ಈಚೆಗೆ ಬಂದಾಗ ನಾನು ಕಡಲ ಹುಳು, ಅಂದರೆ ಸಮುದ್ರದ ಸಿಂಬಳದ ಹುಳು ಸಾಕಿರುವ ಅಕ್ವೇರಿಯಂ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಲ್ಲ ಮಾರಾಯ, ನನ್ನ ಡೇರೆ ಗಿಡ ತಿನ್ನುವ ಸಿಂಬಳದ ಹುಳುವಿಗೆ ಒಂದು ಚಿಟಿಕೆ ಉಪ್ಪು ಉದುರಿಸಿದರೆ ಕರಗಿ ನೀರಾಗುತ್ತದೆ. ನೀನು ಅದರ ತಮ್ಮನನ್ನು ಉಪ್ಪುನೀರಿನಲ್ಲೇ ಸಾಕಿದ್ದೀಯಲ್ಲ!" ಎಂದರು. ಮಳೆಗಾಲ ಹಿಡಿದರೆ ಬಚ್ಚಲ ಗೋಡೆಯ ಮೇಲೂ ಈ ಹುಳು ಕಾಣುವ ಊರಿನವರಿಗೆ ಆ ಅನುಮಾನ ಬರಬೇಕಾದದ್ದೇ.

ಉಪ್ಪೇನೂ ವಿಷವಲ್ಲ. ತೋಟದ ಹುಳುವಿನ ಮೈಯೊಳಗಿನ ನೀರು ಹೆಚ್ಚುಕಡಿಮೆ ಸಪ್ಪೆ. ಮೇಲೆ ಬಿದ್ದ ಉಪ್ಪು ಲೋಳೆಯಲ್ಲಿ ಕರಗಿ, ತೆಳು ಚರ್ಮದ ಮೂಲಕ ಆ ನೀರನ್ನು ಹೊರಗೆಳೆಯುತ್ತದೆ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ಸುಕ್ಕುಗಟ್ಟಿ ಜಾಡಿಯಲ್ಲಿ ನೀರು ನಿಲ್ಲುತ್ತದಲ್ಲ, ಅದೇ ಕತೆ. ಕಡಲ ಹುಳುವಿನ ಮೈಯೊಳಗಿನ ದ್ರವವಾದರೋ ಸಮುದ್ರದಷ್ಟೇ ಉಪ್ಪು. ಒಳಗೂ ಹೊರಗೂ ಒಂದೇ ಆದ ಮೇಲೆ ಎಳೆದಾಟ ಎಲ್ಲಿಯದು? ಅದನ್ನು ಕೊಲ್ಲಬೇಕೆಂದರೆ ನಮ್ಮ ತುಂಗೆಯ ಸಿಹಿನೀರು ಸಾಕು.

ಹಾಗೆಂದು ಅಡುಗೆ ಉಪ್ಪು ಸುರಿದರೆ ಸಮುದ್ರವಾಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುವ, ಅಕ್ವೇರಿಯಂಗೆಂದೇ ಮಾರುವ ಉಪ್ಪು ಬೇಕು. 100 ಲೀಟರ್ ಆರ್‌ಒ ನೀರಿಗೆ ಸುಮಾರು ಮೂರೂವರೆ ಕಿಲೋ. ಏಪ್ರಿಲ್‌ನಲ್ಲಿ ತೊಟ್ಟಿಯ ಮಟ್ಟ ಇಳಿದಾಗ ನಾನು ಮೊದಲ ವರ್ಷ ಮತ್ತೆ ಮತ್ತೆ ಉಪ್ಪುನೀರನ್ನೇ ತುಂಬಿದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂದು ಹೊಳೆಯುವ ಹೊತ್ತಿಗೆ ನೀರು ಮಿಡಿ ಜಾಡಿಯ ದಾರಿ ಹಿಡಿದಿತ್ತು. ಈಗ ದಿನಾ ಒಂದೆರಡು ಲೋಟ ಸಿಹಿನೀರು ಸೇರಿಸುತ್ತೇನೆ. ಜುಲೈನಲ್ಲಿ ಅದೂ ಬೇಕಾಗುವುದಿಲ್ಲ, ಗಾಳಿಯೇ ಒದ್ದೆ.

ನನ್ನ ಬಳಿ ಇರುವುದು ಸೀ ಹೇರ್, ಅಂದರೆ ಕಡಲ ಮೊಲ. ತಲೆಯ ಮೇಲೆ ಮೊಲದ ಕಿವಿಯಂತೆ ನೆಟ್ಟಗೆ ನಿಲ್ಲುವ ಎರಡು ಕೊಂಬು. ವಾಸನೆ ಹಿಡಿಯುವುದು ಅವುಗಳಿಂದಲೇ. ಕಲ್ಲಿನ ಮೇಲಿನ ಪಾಚಿಯನ್ನು ಎಮ್ಮೆ ಮೇಯ್ದ ಹಾಗೆ ಮೇಯುತ್ತದೆ. ಒಮ್ಮೆ ತೊಟ್ಟಿ ಒರೆಸುವಾಗ ಕೈ ತಗುಲಿ ಬೆದರಿ ಶಾಯಿ ಬಿಟ್ಟಿತು ನೋಡಿ, ಬುಟ್ಟಿ ನೇರಳೆ ಹಣ್ಣು ಹಿಚುಕಿದಂತೆ ನೀರೆಲ್ಲ ನೇರಳೆ. ಆ ಬಣ್ಣ ಬರುವುದು ತಿಂದ ಕೆಂಪು ಪಾಚಿಯಿಂದ. ರಾತ್ರಿಯೇ ಅರ್ಧ ನೀರು ಬದಲಿಸಿದೆ.

ಎಲ್ಲರೂ ಉಪ್ಪಿನ ಬಗ್ಗೆ ಕೇಳುತ್ತಾರೆ, ಊಟದ ಬಗ್ಗೆ ಯಾರೂ ಕೇಳುವುದಿಲ್ಲ. ಚಿತ್ರಗಳಲ್ಲಿ ಕಾಣುವ ಬಣ್ಣಬಣ್ಣದ ಕಡಲ ಹುಳುಗಳಲ್ಲಿ ಎಷ್ಟೋ ಸ್ಪಂಜು ಎಂಬ ಕಡಲ ಜೀವಿಯ ಒಂದೆರಡು ಜಾತಿಯನ್ನಷ್ಟೇ ತಿನ್ನುತ್ತವೆ. ಅದಿಲ್ಲದ ಮನೆಯಲ್ಲಿ ಉಪವಾಸ ಬಿದ್ದು ಸಾಯುತ್ತವೆ. ಬರ್ಗಿಯಾ ಎಂಬ ಕಡಲ ಹುಳು ಐಪ್ಟೇಸಿಯಾ ಎಂಬ ಕಳೆಯಂಥ ಜೀವಿಯನ್ನು ತಿಂದು ಮುಗಿಸುತ್ತದೆ, ಮುಗಿದ ಮೇಲೆ ತಾನೂ ಮುಗಿಯುತ್ತದೆ. ಅಂಥವನ್ನು ಅಂದಕ್ಕೆಂದು ತಂದಿಡುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಮೊಲವೂ ಕೆಲವೇ ವಾರಗಳಲ್ಲಿ ಪಾಚಿಯನ್ನೆಲ್ಲ ಬೋಳಿಸಿ ಸೊರಗತೊಡಗಿತ್ತು. ಬೆಂಗಳೂರಿನಿಂದ ನೋರಿ, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆ ತರಿಸಿ, ಗಾಜಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಮೇಲೆ ಚೇತರಿಸಿಕೊಂಡಿತು.

ಇದನ್ನೆಲ್ಲ ತಾಳ್ಮೆಯಿಂದ ಕೇಳಿದ ಅತ್ತೆ ತಮ್ಮ ಕೈಯಾರೆ ಒಂದು ಚೂರು ನೋರಿ ಸಿಕ್ಕಿಸಿದರು. ಅದು ತಿನ್ನುವವರೆಗೂ ಕದಲಲಿಲ್ಲ. ಆಮೇಲೆ ಎದ್ದು, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿ, ಟಾರ್ಚ್ ಹಿಡಿದು ನಮ್ಮ ಡೇರೆ ಕುಂಡಗಳ ಕಡೆಗೆ ಹೊರಟರು.